ಜಂಟಿ ಫೋಟೋ

(ನಮ್ಮ ತಾಲ್ಲೂಕಿನ ಗುರುಭವನದಲ್ಲಿ, ಮೇ ಕೊನೆಗೆ ನಿವೃತ್ತರಾಗುವ ಶಿಕ್ಷಕರ ಬೀಳ್ಕೊಡುಗೆಯ ದಿನ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ನೆನಪಿದ್ದಷ್ಟನ್ನು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೇಟ ತೊಟ್ಟು, ಹಾರ ಹಾಕಿಸಿಕೊಂಡು ವೇದಿಕೆ ಮೇಲೆ ಹನ್ನೊಂದು ಜನ ಕೂತಿದ್ದೀರಿ. ಆಹ್ವಾನ ಪತ್ರಿಕೆಯಲ್ಲಿ ನಿಮ್ಮ ಹೆಸರಿನ ಪಕ್ಕ ಹುಟ್ಟಿದ ತಾರೀಖು ಹಾಕಿದ್ದಾರೆ. ಹನ್ನೊಂದು ಜನರಲ್ಲಿ ಎಂಟು ಜನ ಜೂನ್ 1ರಂದು ಹುಟ್ಟಿದವರು! ನಮ್ಮ ಕಡೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ, ಅಲ್ವಾ? ನಿಮ್ಮನ್ನು ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿರಲಿಲ್ಲ. 'ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಸ್ವಾಮಿ' ಅಂದಿರುತ್ತಾರೆ. ಮೇಷ್ಟ್ರು ನಿಮ್ಮ ಬಲಗೈಯನ್ನು ತಲೆ ಮೇಲಿಂದ ಬಳಸಿ, ಎಡಗಿವಿ ಮುಟ್ಟುತ್ತದಾ ಎಂದು ನೋಡಿರುತ್ತಾರೆ. ಮುಟ್ಟಿತು ಎಂದ ಮೇಲೆ ಶಾಲೆ ಶುರುವಾಗುವ ತಿಂಗಳಿಗೆ ಸರಿಯಾಗಿ ಜೂನ್ 1 ಎಂದು ಬರೆದುಕೊಂಡರು.

ನಮ್ಮಲ್ಲಿ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ತಿಂಗಳ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಅದಕ್ಕೇ ನಿಮಗೆ ಮೇ 31. ಅಂದು ಆ ಮೇಷ್ಟ್ರು ಜೂನ್ 2 ಎಂದು ಬರೆದಿದ್ದರೆ ಇನ್ನೊಂದು ತಿಂಗಳು ಪೂರ್ತಿ ನಿಮ್ಮ ತರಗತಿಯಲ್ಲೇ ಇರುತ್ತಿದ್ದಿರಿ. ಅರ್ಜಿಗಳಲ್ಲಿ ಈ ತಾರೀಖು ನೋಡಿದಾಗಲೆಲ್ಲ ನನಗೆ ಆ ಅಪ್ಪಂದಿರು ನೆನಪಾಗುತ್ತಾರೆ. ತಾರೀಖು ಗೊತ್ತಿಲ್ಲದಿದ್ದರೂ ಮಗುವನ್ನು ಶಾಲೆಗೆ ಕರೆತಂದವರು ಅವರು.

ನಾನು ಮೇಷ್ಟ್ರಲ್ಲ. 1987ರಲ್ಲಿ ಖಜಾನೆ ಇಲಾಖೆಗೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, ಮುಖ್ಯ ಲೆಕ್ಕಿಗಳಾಗಿ 2021ರಲ್ಲಿ ಹೊರಬಂದೆ. 34 ವರ್ಷದಲ್ಲಿ ಜಾಸ್ತಿ ಕಾಲ ಕೂತದ್ದು ಪಿಂಚಣಿ ವಿಭಾಗದ ಮೇಜಿನಲ್ಲಿ. 58 ಇದ್ದ ನಿವೃತ್ತಿ ವಯಸ್ಸು 2008ರಲ್ಲಿ 60 ಆದದ್ದನ್ನು ನೋಡಿದೆ. ದಪ್ಪ ರಿಜಿಸ್ಟರುಗಳು ಹೋಗಿ ಕಂಪ್ಯೂಟರ್ ಬಂದದ್ದನ್ನು ನೋಡಿದೆ. ಆದರೆ ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದು ಸಣ್ಣ ಫೋಟೋದ ವಿಷಯ.

ನಿವೃತ್ತಿ ವೇತನದ ಅರ್ಜಿ ತುಂಬಿದ್ದೀರಲ್ಲ, ಅದರ ಜೊತೆ ಏನೇನು ಕೇಳುತ್ತಾರೆ ನೆನಪು ಮಾಡಿಕೊಳ್ಳಿ. ಎತ್ತರ, ಮೈಮೇಲಿನ ಗುರುತು, ಸಹಿಯ ಮಾದರಿ, ಬೆರಳಚ್ಚು. ಅದರ ಜೊತೆಗೆ ಗಂಡ ಹೆಂಡತಿ ಇಬ್ಬರೂ ಇರುವ ಜಂಟಿ ಫೋಟೋ. ಒಂದೊಂದು ಪ್ರತಿಗೂ ಒಂದೊಂದು ಅಂಟಿಸಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅದನ್ನು ಬರೀ ಕಾಗದ ಎಂದುಕೊಂಡಿದ್ದೆ. ಆಮೇಲೆ ಆಮೇಲೆ ಆ ಫೋಟೋಗಳನ್ನು ನೋಡುವುದೇ ಒಂದು ಅಭ್ಯಾಸವಾಯಿತು. ಎಷ್ಟೋ ದಂಪತಿಗಳು ಮದುವೆ ಆದ ಮೇಲೆ ಜೊತೆಗೆ ನಿಂತು ತೆಗೆಸಿಕೊಂಡ ಮೊದಲ ಫೋಟೋ ಅದೇ ಆಗಿರುತ್ತಿತ್ತು. ಹೆಂಗಸರು ರೇಷ್ಮೆ ಸೀರೆ ಉಟ್ಟಿರುತ್ತಿದ್ದರು. ಗಂಡಸರು ಅಂಗಿಯ ಮೇಲಿನ ಗುಂಡಿವರೆಗೂ ಹಾಕಿಕೊಂಡು ಬಿಗಿಯಾಗಿ ಕೂತಿರುತ್ತಿದ್ದರು. ಇಬ್ಬರ ನಡುವೆ ಒಂದು ಗೇಣು ಜಾಗ. ಒಂದು ಸಲ ಒಬ್ಬ ಹಿರಿಯರು ಎರಡು ಬೇರೆ ಬೇರೆ ಪಾಸ್‌ಪೋರ್ಟ್ ಸೈಜ್ ಫೋಟೋಗಳನ್ನು ಪಕ್ಕ ಪಕ್ಕ ಅಂಟಿಸಿ ತಂದಿದ್ದರು. 'ಜೊತೆಗೆ ತೆಗೆಸಬೇಕು ಸಾರ್' ಎಂದೆ. 'ಅವಳು ಸ್ಟುಡಿಯೋಕ್ಕೆ ಬರಲ್ಲ ಅಂತಾಳಮ್ಮ, ನಾಚಿಕೆಯಂತೆ' ಎಂದರು. ಮರುದಿನ ಆ ತಾಯಿಯನ್ನು ಕರೆದುಕೊಂಡು ಬಂದೇ ಬಿಟ್ಟರು. ಎದುರಿನ ಸ್ಟುಡಿಯೋಕ್ಕೆ ನಾನೇ ಜೊತೆಗೆ ಹೋದೆ.

ಸರ್ಕಾರ ಯಾಕೆ ಈ ಫೋಟೋ ಕೇಳುತ್ತದೆ? ಪಿಂಚಣಿ ಇಬ್ಬರದು ಎನ್ನುವ ಕಾರಣಕ್ಕೆ. ಪೂರ್ತಿ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ ನಿವೃತ್ತಿ ವೇತನ. ಅವರು ಹೋದ ಮೇಲೆ ಸಂಗಾತಿಗೆ ಅದೇ ಮೂಲ ವೇತನದ ಶೇಕಡಾ 30 ಕುಟುಂಬ ಪಿಂಚಣಿ. ಆ ಸಂಗಾತಿಯ ಹೆಸರು, ಆ ಮೊತ್ತ ಎಲ್ಲವೂ ನಿಮ್ಮ ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದ ಪುಸ್ತಕದಲ್ಲಿ, ಮೊದಲ ದಿನದಿಂದಲೇ ಅಚ್ಚಾಗಿರುತ್ತದೆ. ಆದರೆ ಆ ಪುಸ್ತಕವನ್ನು ಮನೆಯಲ್ಲಿ ಎಲ್ಲಿ ಇಟ್ಟಿದ್ದೀರಿ ಎಂದು ಆ ಸಂಗಾತಿಗೆ ಗೊತ್ತಿರುವುದಿಲ್ಲ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಹೆಸರು ಬದಲಿಸಿದ್ದೇನೆ. ಯಜಮಾನರು ಒಂದು ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾಗಿದ್ದವರು, ತೀರಿಕೊಂಡು ಐದು ತಿಂಗಳಾಗಿತ್ತು. 'ಪಿಂಚಣಿ ನಿಂತುಹೋಯಿತು' ಎಂದಷ್ಟೇ ಮನೆಯಲ್ಲಿ ಹೇಳಿದ್ದರಂತೆ. ಇವರೂ ಹಾಗೇ ನಂಬಿದ್ದರು. ಬೆಳಗ್ಗೆ ಹೂ ಕಟ್ಟಿ ಮಾರುತ್ತಿದ್ದರು. ದೇವಸ್ಥಾನದ ಹತ್ತಿರ ಹೂ ಕೊಳ್ಳಲು ಬಂದ ಯಾರೋ ಒಬ್ಬ ಟೀಚರಮ್ಮ 'ನಿಮಗೂ ಬರುತ್ತೆ, ಖಜಾನೆಗೆ ಹೋಗಿ ಕೇಳಿ' ಎಂದಿದ್ದಾರೆ. ಹಾಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ನನ್ನ ಮೇಜಿನ ಮೇಲೆ ಸುರಿದರು. ಕರೆಂಟ್ ಬಿಲ್ಲು, ಎಲ್‌ಐಸಿ ರಸೀದಿ, ಮಗಳ ಮದುವೆಯ ಲಗ್ನಪತ್ರಿಕೆ, ಮಡಚಿ ಮಡಚಿ ಹರಿದಿದ್ದ ಪಹಣಿ. ಎಲ್ಲದರ ಅಡಿಯಲ್ಲಿ ಪಿಪಿಒ.

ಸಿಕ್ಕಿತಲ್ಲ ಎಂದು ಉಸಿರು ಬಿಟ್ಟೆ. ಆಮೇಲೆ ಹೆಸರು ನೋಡಿದೆ. ಪಿಪಿಒದಲ್ಲಿ ಪುಟ್ಟಲಕ್ಷ್ಮಮ್ಮ. ಬ್ಯಾಂಕ್ ಪುಸ್ತಕದಲ್ಲಿ ಲಕ್ಷ್ಮಮ್ಮ. ಆಧಾರ್‌ನಲ್ಲಿ ಲಕ್ಷ್ಮೀದೇವಿ. ಮೂರೂ ಒಬ್ಬರೇ ಎಂದು ನನಗೆ ಗೊತ್ತು, ಅವರಿಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ಲ. ಅಫಿಡವಿಟ್ಟು, ಅದು ಇದು ಎಂದು ಮತ್ತೆ ಮೂರು ತಿಂಗಳು ಓಡಾಡಿದರು. ಪಿಂಚಣಿದಾರರು ತೀರಿಕೊಂಡ ಮರುದಿನದಿಂದಲೇ ಕುಟುಂಬ ಪಿಂಚಣಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬಾಕಿ ಎಲ್ಲ ಸೇರಿ ಕೊನೆಗೆ ಕೈಗೆ ಬಂತು. ಆದರೆ ಆ ಎಂಟು ತಿಂಗಳು ಅವರು ಏನು ಉಂಡರು, ಯಾರ ಹತ್ತಿರ ಕೈ ಚಾಚಿದರು ಎನ್ನುವುದನ್ನು ಯಾವ ಬಾಕಿಯೂ ತುಂಬಿಕೊಡುವುದಿಲ್ಲ.

ಹೆಸರು ಹೊಂದದೆ ಇದ್ದಾಗ ಅವರನ್ನು ಗುರುತಿಸಲು ಮೊದಲು ನೆರವಾದದ್ದು ಆ ಜಂಟಿ ಫೋಟೋ. ಪುಸ್ತಕವನ್ನು ಕಚೇರಿಗೆ ಒಪ್ಪಿಸುವಾಗ ಆ ತಾಯಿ ಕೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. 'ಅಮ್ಮಣ್ಣಿ, ಈ ಫೋಟೋ ನಂಗೆ ವಾಪಸ್ ಸಿಕ್ತದಾ? ನಾವಿಬ್ರೂ ಇರೋದು ಇದೊಂದೇ.' ಪಕ್ಕದ ಅಂಗಡಿಯಲ್ಲಿ ದೊಡ್ಡದು ಮಾಡಿ ಕಲರ್ ಜೆರಾಕ್ಸ್ ತೆಗೆಸಿಕೊಟ್ಟೆ. ಸೆರಗಿನ ಅಡಿ ಇಟ್ಟುಕೊಂಡು ಹೋದರು.

ಹೀಗಾಗಿ ನಿಮ್ಮೆಲ್ಲರಿಗೂ ಕೈಮುಗಿದು ಕೇಳುವುದು ಇಷ್ಟೇ. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಸೇವಾ ಪುಸ್ತಕದ ನಕಲು, ಜಿಪಿಎಫ್ (ಭವಿಷ್ಯ ನಿಧಿ) ಚೀಟಿ, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಬಾಂಡು, ಬ್ಯಾಂಕ್ ಪುಸ್ತಕ, ಎಲ್ಲ ಒಂದೇ ಫೈಲಿಗೆ ಹಾಕಿ. ಪಿಪಿಒ ಬಂದ ಮೇಲೆ ಅದರ ನಂಬರ್ ಬೀರುವಿನ ಬಾಗಿಲ ಒಳಗಡೆ ಬರೆದು ಅಂಟಿಸಿ. ಅವರ ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ, ಅಕ್ಷರ ಅಕ್ಷರ ನೋಡಿ. ಬ್ಯಾಂಕಿನಲ್ಲಿ ಇಬ್ಬರ ಹೆಸರಲ್ಲೂ ಖಾತೆ ಮಾಡಿಸಿ. 'ಅವಳಿಗೆ ಇದೆಲ್ಲ ಅರ್ಥ ಆಗಲ್ಲ' ಎಂದು ದಯವಿಟ್ಟು ಹೇಳಬೇಡಿ. ನಲವತ್ತು ಮಕ್ಕಳಿಗೆ ಭಿನ್ನರಾಶಿ ಅರ್ಥ ಮಾಡಿಸಿದವರು ನೀವು.

ಇನ್ನೊಂದು ಮಾತು. ಪಿಂಚಣಿ ಕೇಳಲು ಬರುವಾಗ ಎಷ್ಟೋ ಜನ ಬೆನ್ನು ಬಾಗಿಸಿಕೊಂಡು ಬರುತ್ತಿದ್ದರು. 35 ವರ್ಷ ಮುಖ್ಯೋಪಾಧ್ಯಾಯರಾಗಿದ್ದವರು ನನ್ನ ಮೇಜಿನ ಮುಂದೆ ನಿಂತೇ ಮಾತಾಡುತ್ತಿದ್ದರು. ಕೂತ್ಕೊಳ್ಳಿ ಸಾರ್ ಎಂದರೂ ಕೂರುತ್ತಿರಲಿಲ್ಲ. ಯಾರೋ ದಾನ ಕೊಡುತ್ತಿದ್ದಾರೆ ಎನ್ನುವ ಹಾಗೆ. ಹಾಗಲ್ಲ ಅದು. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಡಿ.ಎಸ್. ನಕಾರಾ ಅವರ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ. ನಕಾರಾ 1972ರಲ್ಲಿ ಕೇಂದ್ರ ಸೇವೆಯಿಂದ ನಿವೃತ್ತರಾದವರು. ಸರ್ಕಾರ ಪಿಂಚಣಿ ಲೆಕ್ಕವನ್ನು ಸುಧಾರಿಸಿದಾಗ ಅದು 1979ರ ಮಾರ್ಚ್ 31ರಿಂದ ಈಚೆಗೆ ನಿವೃತ್ತರಾದವರಿಗೆ ಮಾತ್ರ ಎಂದಿತ್ತು. ಮೊದಲು ನಿವೃತ್ತರಾದವರು ಏನು ತಪ್ಪು ಮಾಡಿದ್ದರು ಎಂದು ಅವರು ಕೇಳಿದರು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಆ ಭೇದವನ್ನು ತೆಗೆದುಹಾಕಿತು. ಪಿಂಚಣಿ ಯಾರ ಕೃಪೆಯೂ ಅಲ್ಲ, ಹಿಂದೆ ಮಾಡಿದ ಸೇವೆಗೆ ಬರಬೇಕಾದ ಹಕ್ಕು ಎಂದಿತು. ಅದಕ್ಕೇ ಡಿಸೆಂಬರ್ 17 ಪಿಂಚಣಿದಾರರ ದಿನ. ನೀವು ಯಾವ ಕಚೇರಿಗೆ ಹೋದರೂ ಕುರ್ಚಿ ಎಳೆದುಕೊಂಡು ಕೂತು ಮಾತಾಡಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಉಪದಾನ (ಗ್ರಾಚ್ಯುಟಿ), ಕಮ್ಯುಟೇಶನ್, ಜಿಪಿಎಫ್ ಎಲ್ಲ ಸೇರಿ ನಿಮ್ಮ ಖಾತೆಗೆ ಜೀವಮಾನದಲ್ಲಿ ನೋಡದಷ್ಟು ಮೊತ್ತ ಬರುತ್ತದೆ. ಕಮ್ಯುಟೇಶನ್ ಎಂದರೆ ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಮುಂಗಡವಾಗಿ ಒಟ್ಟಿಗೆ ತೆಗೆದುಕೊಳ್ಳುವುದು. ತಿಂಗಳ ಪಿಂಚಣಿ ಅಷ್ಟು ಕಡಿಮೆಯಾಗುತ್ತದೆ, 15 ವರ್ಷದ ಮೇಲೆ ಮತ್ತೆ ಪೂರ್ತಿ ಬರುತ್ತದೆ. ಕುಟುಂಬ ಪಿಂಚಣಿಗೆ ಅದರಿಂದ ಕಡಿತ ಇಲ್ಲ. ತೆಗೆದುಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ದುಡ್ಡು ಬಂದ ವಾರವೇ ಮಗನ ಸೈಟಿಗೆ, ಅಳಿಯನ ವ್ಯಾಪಾರಕ್ಕೆ ಪೂರ್ತಿ ಕೊಟ್ಟು, ಎರಡು ವರ್ಷದ ಮೇಲೆ ಕಣ್ಣಿನ ಆಪರೇಷನ್‌ಗೆ ಸಾಲ ಮಾಡಿದವರನ್ನು ನಾನು ಕಂಡಿದ್ದೇನೆ. ಒಬ್ಬಿಬ್ಬರನ್ನಲ್ಲ. ಮಕ್ಕಳಿಗೆ ಕೊಡಿ, ಬೇಡ ಎನ್ನಲು ನಾನು ಯಾರು. ಕೊಡುವ ಮೊದಲು ಆ ಜಂಟಿ ಫೋಟೋದಲ್ಲಿ ಪಕ್ಕಕ್ಕೆ ಕೂತವರನ್ನು ಒಂದು ಮಾತು ಕೇಳಿ. ಹೆಂಗಸರು ಇಂಥ ವಿಷಯದಲ್ಲಿ ನಮಗಿಂತ ಮುಂದಿನ ಹತ್ತು ವರ್ಷ ನೋಡಿಬಿಡುತ್ತಾರೆ ಎಂದು ಎಷ್ಟೋ ಗಂಡಸರೇ ನನ್ನ ಹತ್ತಿರ ಬಂದು ಹೇಳಿದ್ದಾರೆ.

ಸಭೆಯಲ್ಲಿ ಚಿಕ್ಕ ವಯಸ್ಸಿನ ಶಿಕ್ಷಕರೂ ಇದ್ದೀರಿ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ನಿಮಗೆ ಈ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಎನ್ನುವ ಹೊಸ ಪಿಂಚಣಿ ಯೋಜನೆ. 60 ಆದಾಗ ಕೂಡಿದ ಮೊತ್ತದಲ್ಲಿ ಶೇಕಡಾ 60ರವರೆಗೆ ಕೈಗೆ, ಕನಿಷ್ಠ ಶೇಕಡಾ 40ಕ್ಕೆ ಆನ್ಯುಟಿ, ಅಂದರೆ ನಿಯಮಿತವಾಗಿ ಪಿಂಚಣಿ ಕೊಡುವ ವಿಮಾ ಯೋಜನೆ, ಕೊಳ್ಳಬೇಕು. ಆನ್ಯುಟಿಯಲ್ಲಿ ನಿಮ್ಮ ನಂತರ ಸಂಗಾತಿಗೂ ಬರುವ ಆಯ್ಕೆ ಇದೆ. ಅದನ್ನೇ ಕೇಳಿ ಪಡೆಯಿರಿ. ನಿಮ್ಮ ಮನಸ್ಸಿನಲ್ಲಿರುವ ನೋವು ನನಗೆ ಅರ್ಥವಾಗುತ್ತದೆ. ಒಂದೇ ಸ್ಟಾಫ್ ರೂಮಿನಲ್ಲಿ ಕೂತು, ಒಂದೇ ಪಾಠ ಮಾಡಿ, ಒಬ್ಬರಿಗೆ ಒಂದು ಮುಪ್ಪು, ಇನ್ನೊಬ್ಬರಿಗೆ ಇನ್ನೊಂದು ಮುಪ್ಪು ಆಗಬಾರದು. ಇದನ್ನು ಖಜಾನೆಯಲ್ಲಿ ಕೂತಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ನಮ್ಮ ಮನೆಯಲ್ಲೇ ಎರಡು ಮುಪ್ಪು ಇದೆ. ನಮ್ಮ ಯಜಮಾನರು ಖಾಸಗಿ ಕಾರ್ಖಾನೆಯಲ್ಲಿ 29 ವರ್ಷ ದುಡಿದು 58ಕ್ಕೆ ಹೊರಬಂದರು. ಇಪಿಎಫ್ (ಕಾರ್ಮಿಕರ ಭವಿಷ್ಯ ನಿಧಿ) ಪಿಂಚಣಿ ತಿಂಗಳಿಗೆ ಮೂರು ಸಾವಿರದ ಒಳಗೆ. ಆ ಯೋಜನೆಯಲ್ಲಿ ಕನಿಷ್ಠ ಪಿಂಚಣಿ 1000 ರೂಪಾಯಿ ಎಂದು ಮಾಡಿದ್ದೇ 2014ರಲ್ಲಿ. ಅಂದರೆ ಅದಕ್ಕೂ ಮೊದಲು ಅದಕ್ಕಿಂತ ಕಡಿಮೆ ತೆಗೆದುಕೊಳ್ಳುತ್ತಿದ್ದವರು ಇದ್ದರು. ನನ್ನ ಪಿಂಚಣಿ ಬಂದ ದಿನ ಬ್ಯಾಂಕಿನ ಮೆಸೇಜನ್ನು ಅವರಿಗೆ ತೋರಿಸಲು ನನಗೆ ಸಂಕೋಚವಾಯಿತು. ಅವರೇ ಫೋನ್ ಇಸಕೊಂಡು ಓದಿ, 'ಎರಡೂ ಒಂದೇ ಡಬ್ಬಿಗೆ ತಾನೆ ಬೀಳೋದು' ಎಂದರು.

ಡಬ್ಬಿ ಎಂದ ಕೂಡಲೇ ಸಾಸಿವೆ ಡಬ್ಬಿಯ ವಿಷಯ ಹೇಳಲೇಬೇಕು.

ಅವರು ನನಗಿಂತ ಐದು ವರ್ಷ ಮೊದಲು ಮನೆಗೆ ಬಂದರು. ನಾನು ಇನ್ನೂ ಕಚೇರಿಗೆ ಹೋಗುತ್ತಿದ್ದೆ. ಮೊದಲ ಆರು ತಿಂಗಳು ಜಗುಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಮಧ್ಯಾಹ್ನ ಎರಡಕ್ಕೆ ಸುಮ್ನೆ ಬಸ್‌ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದರು, ಅದು ಅವರ ಸೆಕೆಂಡ್ ಶಿಫ್ಟಿನ ಹೊತ್ತು. ಆಮೇಲೆ ಒಂದು ದಿನ ನನಗೆ ಜ್ವರ ಬಂತು. ಅವರು ಅಡುಗೆ ಮನೆಗೆ ಹೋದರು. ಅನ್ನ, ತಿಳಿಸಾರು. ಹಾಗೇ ಮುಂದುವರಿಸಿದರು. ಐದು ವರ್ಷ ನನ್ನ ಮಧ್ಯಾಹ್ನದ ಡಬ್ಬಿ ಅವರ ಕೈಯದು.

2021ರಲ್ಲಿ ನಾನು ನಿವೃತ್ತಳಾದೆ. ಮೊದಲ ಸೋಮವಾರ ಅಡುಗೆ ಮನೆಗೆ ಹೋಗಿ ಒಗ್ಗರಣೆಗೆ ಎಣ್ಣೆ ಇಟ್ಟೆ. ಸಾಸಿವೆಗೆ ಕೈ ಹಾಕಿದರೆ ಮೆಂತ್ಯ. ಡಬ್ಬಿಗಳೆಲ್ಲ ಜಾಗ ಬದಲಾಗಿದ್ದವು. ಒಲೆಯ ಬಲಗಡೆ ಇದ್ದದ್ದು ಎಡಗಡೆಗೆ ಬಂದಿತ್ತು, ಅವರು ಎಡಗೈಯವರು. ಎಣ್ಣೆ ಹೊಗೆಯಾಡುತ್ತಿದೆ, ನನಗೆ ಸಾಸಿವೆ ಸಿಗುತ್ತಿಲ್ಲ. ನನ್ನ ಮನೆ, ನಾನೇ ಕೊಂಡ ಡಬ್ಬಿಗಳು. ಆ ಕ್ಷಣ ಬಂದ ಅಳು ಕಚೇರಿಯ ಬೀಳ್ಕೊಡುಗೆಯ ದಿನವೂ ಬಂದಿರಲಿಲ್ಲ. ಮಧ್ಯಾಹ್ನ ಎಲ್ಲ ಡಬ್ಬಿಗಳನ್ನೂ ಇಳಿಸಿ, ನನ್ನ ಹಳೆಯ ಜಾಗಗಳಿಗೆ ಜೋಡಿಸಿದೆ. ಸಂಜೆ ಅವರು ಬಂದು ನೋಡಿದರು. ಏನೂ ಅನ್ನಲಿಲ್ಲ. ಎರಡು ದಿನ ಸರಿಯಾಗಿ ಮಾತೂ ಆಡಲಿಲ್ಲ.

ಮೂರನೇ ದಿನ ನನಗೆ ಹೊಳೆಯಿತು. ಆ ಅಡುಗೆ ಮನೆ ಅವರ ನಿವೃತ್ತಿಯ ಜಾಗ. ಬಸ್‌ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದ ಮನುಷ್ಯ ಅಲ್ಲಿ ಒಂದು ನೆಲೆ ಕಂಡುಕೊಂಡಿದ್ದರು. ನಾನು ಬಂದವಳೇ ಅದನ್ನು ಕಿತ್ತುಹಾಕಿದ್ದೆ. ನಾನು ಮಾತ್ರ ನಿವೃತ್ತಳಾಗಿದ್ದೇನೆ ಎಂದುಕೊಂಡಿದ್ದೆ. ಪಿಂಚಣಿ ಇಬ್ಬರದು ಎಂದು 34 ವರ್ಷ ಎಲ್ಲರಿಗೂ ಹೇಳಿದವಳಿಗೆ, ನಿವೃತ್ತಿಯೂ ಇಬ್ಬರದು ಎಂದು ತಿಳಿಯಲು ಅಷ್ಟು ದಿನ ಬೇಕಾಯಿತು. 'ಬೆಳಗಿನ ಅಡುಗೆ ನಿಮ್ಮದು, ರಾತ್ರಿಯದು ನನ್ನದು, ಡಬ್ಬಿಗಳು ನಿಮ್ಮ ಲೆಕ್ಕದಲ್ಲೇ ಇರಲಿ' ಎಂದೆ. ಇವತ್ತಿಗೂ ಹಾಗೇ ಇದೆ. ಸಾಸಿವೆ ಡಬ್ಬಿಗೆ ಅವರು ಒಂದು ಚೀಟಿ ಅಂಟಿಸಿದ್ದಾರೆ, ನನಗಾಗಿ.

ಮೇಷ್ಟ್ರುಗಳೇ, ನೀವು ಮನೆಗೆ ಹೋದಾಗಲೂ ಹೀಗೇ ಆಗುತ್ತದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತಿಲ್ಲ. ಹನ್ನೊಂದಕ್ಕೆ ಪಕ್ಕದ ಮನೆಯವರು ಬಂದು ಕೂರುತ್ತಾರೆ. ಮೂರಕ್ಕೆ ಒಂದು ಧಾರಾವಾಹಿ ಇದೆ. ಅದರ ಮಧ್ಯೆ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಆ ಹೊತ್ತು ಅವರು ಕಟ್ಟಿಕೊಂಡದ್ದು. ಅಲ್ಲಿಗೆ ಹೆಡ್‌ಮಾಸ್ಟರಾಗಿ ಹೋಗಬೇಡಿ. ಆರು ತಿಂಗಳು ಸುಮ್ನೆ ನೋಡಿ, ಕಲಿಯಿರಿ. ಇನ್ನು ಮೇಡಂಗಳೇ, ನಿಮ್ಮ ಮಾತು ಬೇರೆ. ಶಾಲೆ ಬಿಟ್ಟ ಮೇಲೆ ನೀವು ದಿನಪೂರ್ತಿ ಸಿಗುತ್ತೀರಿ ಎಂದು ಮನೆಯವರೆಲ್ಲ ಕಾಯುತ್ತಿರುತ್ತಾರೆ. ಮೊಮ್ಮಗು, ತಿಂಡಿ, ಅತ್ತೆಯ ಔಷಧಿ. ಎಷ್ಟು ಹೊತ್ತು ನಿಮ್ಮದು ಎಂದು ಮೊದಲ ವಾರವೇ ಹೇಳಿಬಿಡಿ. ಆಮೇಲೆ ಹೇಳುವುದು ಕಷ್ಟ.

ಇಂಥ ಸಭೆಗಳಲ್ಲಿ ದೊಡ್ಡವರ ಹೆಸರು ಹೇಳುವುದು ರೂಢಿ. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ಸ್ವಂತ ಇಚ್ಛೆಯಿಂದ ನಿವೃತ್ತರಾದ ಮೇಲೆಯೇ ಮೈಸೂರಿಗೆ ಬಂದು ಇಷ್ಟೆಲ್ಲ ಮಾಡಿದರು. ಮಾಸ್ತಿಯವರು 1943ರಲ್ಲಿ ಕೆಲಸ ಬಿಟ್ಟು, 'ಚಿಕವೀರ ರಾಜೇಂದ್ರ'ವನ್ನು ಆಮೇಲೆ ಬರೆದರು, ಅದಕ್ಕೆ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಇವೆಲ್ಲ ನಿಜ, ದೊಡ್ಡ ಮಾತು. ಆದರೆ ಇದನ್ನು ಕೇಳಿ ಮನೆಗೆ ಹೋದವರು ನಾನೂ ಏನಾದರೂ ದೊಡ್ಡದು ಮಾಡಬೇಕು ಎಂದು ಒದ್ದಾಡುವುದು ನನಗೆ ಇಷ್ಟವಿಲ್ಲ. ಮೂವತ್ತೈದು ವರ್ಷ ಬೆಲ್ಲಿಗೆ ಸರಿಯಾಗಿ ಎದ್ದು ನಡೆದಿದ್ದೀರಿ. ಒಂದು ವರ್ಷ ಏನೂ ಮಾಡದೆ ಇದ್ದರೂ ಯಾರಿಗೂ ಲೆಕ್ಕ ಕೊಡಬೇಕಿಲ್ಲ.

ಒಂದು ಮಾತ್ರ ಮಾಡಿ. ಹೊರಗೆ ಬನ್ನಿ. ಮೊದಲೆಲ್ಲ ಒಂದನೇ ತಾರೀಖು ನಮ್ಮ ಕಚೇರಿಯ ಹೊರಗೆ ಹೊಂಗೆ ಮರದ ಕೆಳಗಿನ ಬೆಂಚು ತುಂಬಿರುತ್ತಿತ್ತು. ಪಿಂಚಣಿದಾರರೆಲ್ಲ ಬಂದು ಕೂತು, ಯಾರು ಬಂದಿಲ್ಲ ಎಂದು ಎಣಿಸುತ್ತಿದ್ದರು. ಬರದವರ ಮನೆಗೆ ಸಂಜೆ ಯಾರಾದರೂ ಹೋಗಿ ವಿಚಾರಿಸುತ್ತಿದ್ದರು. ದುಡ್ಡು ನೇರ ಬ್ಯಾಂಕಿಗೆ ಹೋಗಲು ಶುರುವಾದ ಮೇಲೂ ನಾಲ್ಕೈದು ಜನ ಬರುತ್ತಿದ್ದರು. ಅವರಿಗೆ ನಮ್ಮಿಂದ ಏನೂ ಬೇಕಿರಲಿಲ್ಲ. ಈಗ ಜೀವಂತ ಪ್ರಮಾಣಪತ್ರವನ್ನೂ ಮನೆಯಲ್ಲೇ ಮೊಬೈಲಿಗೆ ಮುಖ ತೋರಿಸಿ ಕೊಡಬಹುದು. ಒಳ್ಳೆಯದೇ, ಕಾಲು ನೋವಿದ್ದವರಿಗೆ ದೊಡ್ಡ ಉಪಕಾರ. ಆದರೆ ಯಾರು ಬಂದಿಲ್ಲ ಎಂದು ಎಣಿಸುವವರು ಈಗ ಯಾರು? ನಮ್ಮ ನಿವೃತ್ತ ನೌಕರರ ಸಂಘದವರು ಪ್ರತಿ ತಿಂಗಳ ಮೊದಲ ಭಾನುವಾರ ಇದೇ ಗುರುಭವನದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಟೀ ಇರುತ್ತದೆ. ನಿಮ್ಮ ಮನೆಯವರನ್ನೂ ಕರೆದುಕೊಂಡು ಬನ್ನಿ, ಒಬ್ಬರೇ ಬರಬೇಡಿ.

ಊಟಕ್ಕೆ ಎಲೆ ಹಾಕುತ್ತಿದ್ದಾರೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಊಟ ಆದ ಮೇಲೆ ನಾನು ಆ ಕಿಟಕಿ ಪಕ್ಕದ ಮೇಜಿನ ಹತ್ತಿರ ಕೂತಿರುತ್ತೇನೆ. ಸೇವಾ ಪುಸ್ತಕದ ನಕಲು ತಂದಿರುವವರು ತನ್ನಿ, ಹೆಸರುಗಳನ್ನು ಒಟ್ಟಿಗೆ ನೋಡೋಣ. ಜಂಟಿ ಫೋಟೋ ಇನ್ನೂ ತೆಗೆಸಿಲ್ಲದವರು ಮೂವರಿದ್ದೀರಿ ಎಂದು ಕೇಳಿದೆ. ಹೇಗೂ ಇಬ್ಬರೂ ಬಂದಿದ್ದೀರಿ, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದೀರಿ. ಫೋಟೋ ತೆಗೆಯುವ ಹುಡುಗ ಬಾಗಿಲ ಹತ್ತಿರವೇ ನಿಂತಿದ್ದಾನೆ. ಪೇಟ ಮಾತ್ರ ತೆಗೆದಿಡಿ, ಅರ್ಜಿಗೆ ಬರಿ ತಲೆಯ ಫೋಟೋ ಇದ್ದರೆ ಚೆನ್ನ.